ಚೆಂಗೀಸ್ ಖಾನನ ಗದ್ದುಗೆ ಕಾಯುವ ದರ್ಖಾದರು ಯಾರು?

ಮೊಬೈಲ್ ಮ್ಯಾಪ್‌ನಲ್ಲಿ ಚೆಂಗೀಸ್ ಖಾನನ ಸಮಾಧಿ ಎಂದು ಹುಡುಕಿದರೆ ಚೀನಾದ ಉತ್ತರ ಭಾಗದಲ್ಲಿ ಒಂದು ಗುರುತು ಕಾಣುತ್ತದೆ. ಜಾಗದ ಹೆಸರು ಎಜೆನ್ ಖೊರೊ. ಫೋಟೊ ತೆರೆದರೆ ಮೂರು ದುಂಡನೆಯ ಗುಮ್ಮಟ, ಮೇಲೆ ನೀಲಿ ಮತ್ತು ಹಳದಿ ಹೆಂಚು, ಮುಂದೆ ಉದ್ದದ ಮೆಟ್ಟಿಲು. ಅದೇ ಮೊಬೈಲಿಗೆ ಇನ್ನೊಂದು ಸುದ್ದಿಯೂ ಆಗಾಗ ಬರುತ್ತದೆ: ಚೆಂಗೀಸ್ ಖಾನನನ್ನು ಹೂತ ಜಾಗ ಇನ್ನೂ ಪತ್ತೆಯಾಗಿಲ್ಲ, ಹುಡುಕಾಟ ನಡೆಯುತ್ತಿದೆ. ಗೊಂದಲ ಆಗುತ್ತದೆ, ಅಲ್ವಾ? ಸಮಾಧಿಯೇ ಸಿಕ್ಕಿಲ್ಲ ಎಂದಾದರೆ ಆ ಗುಮ್ಮಟದ ಕೆಳಗೆ ಏನಿದೆ?

ಎರಡೂ ಮಾತು ನಿಜ. ಗುಮ್ಮಟದ ಕೆಳಗೆ ದೇಹ ಇಲ್ಲ. ಅಲ್ಲಿರುವುದು ಅವನ ಗದ್ದುಗೆ. ಈ ಪದ ಕನ್ನಡದಲ್ಲಿರುವುದು ನಮಗೆ ಒಳ್ಳೆಯ ಅನುಕೂಲ. ರಾಜ ಕೂರುವ ಪೀಠಕ್ಕೂ ಗದ್ದುಗೆ ಅನ್ನುತ್ತೇವೆ, ಹಿರಿಯರನ್ನು ನೆನೆದು ದೀಪ ಹಚ್ಚುವ ಜಾಗಕ್ಕೂ ಗದ್ದುಗೆ ಅನ್ನುತ್ತೇವೆ. ಎಜೆನ್ ಖೊರೊ ಎರಡೂ ಆಗಿತ್ತು. ಮಂಗೋಲ್ ಖಾನರು ಪಟ್ಟಕ್ಕೆ ಬಂದದ್ದು ಅದರ ಮುಂದೆ, ಜನ ಹಿರಿಯನಿಗೆ ಹರಕೆ ಒಪ್ಪಿಸಿದ್ದೂ ಅದರ ಮುಂದೆ.

ಆ ಗದ್ದುಗೆಯನ್ನು ಕಾಯುವುದನ್ನೇ ಮನೆತನದ ಕೆಲಸವಾಗಿ ಮಾಡಿಕೊಂಡು ಬಂದ ಮಂಗೋಲ್ ಪಂಗಡವೇ ದರ್ಖಾದರು. ಕಟ್ಟಡದ ಬಗ್ಗೆ ಬರೆಯುವವರು ಜಾಸ್ತಿ, ಈ ಜನರ ಬಗ್ಗೆ ಬರೆಯುವವರು ಕಡಿಮೆ. ನನಗೆ ಮಾತ್ರ ಈ ಜನರನ್ನು ಬಿಟ್ಟು ಆ ಕಟ್ಟಡ ಅರ್ಥವೇ ಆಗಲಿಲ್ಲ.

ಮೊದಲು ಕೆಲವು ಹೆಸರು

ಚೆಂಗೀಸ್ ಖಾನ್ ಹುಟ್ಟು ಹೆಸರಲ್ಲ, ಬಿರುದು. ಹುಡುಗನಾಗಿದ್ದಾಗ ಅವನು ತೆಮೂಜಿನ್. 1206ರಲ್ಲಿ ಹುಲ್ಲುಗಾವಲಿನ ಬುಡಕಟ್ಟುಗಳೆಲ್ಲ ಸೇರಿ ಅವನನ್ನು ಒಡೆಯ ಎಂದು ಒಪ್ಪಿದಾಗ ಈ ಬಿರುದು ಬಂತು.

ಮಂಗೋಲರ ನಾಡು ಇವತ್ತು ಎರಡು ಭಾಗ. ಒಂದು ಮಂಗೋಲಿಯಾ, ಸ್ವತಂತ್ರ ದೇಶ. ಅದರ ದಕ್ಷಿಣಕ್ಕೆ ಚೀನಾದೊಳಗೆ ಇರುವುದು ಒಳ ಮಂಗೋಲಿಯಾ. ನಮ್ಮ ಕಥೆ ಹೆಚ್ಚಾಗಿ ನಡೆಯುವುದು ಒಳ ಮಂಗೋಲಿಯಾದ ಓರ್ಡೋಸ್ ಎಂಬ ಬಯಲಿನಲ್ಲಿ. ಹಳದಿ ನದಿ ಉತ್ತರಕ್ಕೆ ಹರಿದು, ಪೂರ್ವಕ್ಕೆ ತಿರುಗಿ, ಮತ್ತೆ ದಕ್ಷಿಣಕ್ಕೆ ಇಳಿಯುವಾಗ ದೊಡ್ಡ ಕೊಕ್ಕೆಯ ಆಕಾರ ಬರುತ್ತದೆ. ಆ ಕೊಕ್ಕೆಯ ಒಳಗಿನ ಒಣ ನೆಲವೇ ಓರ್ಡೋಸ್.

ಎಜೆನ್ ಎಂದರೆ ಒಡೆಯ. ಖೊರೊ ಎಂದರೆ ಬೇಲಿ ಹಾಕಿದ ಆವರಣ. ಎಜೆನ್ ಖೊರೊ ಎಂದರೆ ಒಡೆಯನ ಆವರಣ. ಮಂಗೋಲರು ಇಲ್ಲಿ ಚೆಂಗೀಸನ ಹೆಸರು ಹಿಡಿದು ಕರೆಯುವುದಕ್ಕಿಂತ ಒಡೆಯ ಎನ್ನುವುದೇ ಜಾಸ್ತಿ.

ಹೂತ ಜಾಗಕ್ಕೂ ಒಂದು ಕಾವಲಿತ್ತು

ಚೆಂಗೀಸ್ ಸತ್ತಿದ್ದು 1227ರ ಆಗಸ್ಟ್ ತಿಂಗಳಲ್ಲಿ. ಆಗ ಅವನು ತಂಗುತ್ ಎಂಬ ರಾಜ್ಯದ ಮೇಲೆ ದಂಡೆತ್ತಿ ಹೋಗಿದ್ದ. ಮಂಗೋಲ್ ದೊಡ್ಡವರನ್ನು ಗುಟ್ಟಾಗಿ ಹೂಳುವುದು ವಾಡಿಕೆ. ಗುರುತಿನ ಕಲ್ಲು ಇಲ್ಲ, ದಿಬ್ಬ ಇಲ್ಲ. ಹೂತ ಮೇಲೆ ಕುದುರೆಗಳನ್ನು ಓಡಿಸಿ ನೆಲ ಸಮ ಮಾಡುತ್ತಿದ್ದರು ಎಂಬ ಮಾತೂ ಉಂಟು. ಚೆಂಗೀಸನನ್ನು ಇವತ್ತಿನ ಮಂಗೋಲಿಯಾದ ಖೆಂತಿ ಬೆಟ್ಟಗಳಲ್ಲಿ, ಬುರ್ಖಾನ್ ಖಲ್ದೂನ್ ಎಂಬ ಬೆಟ್ಟದ ಆಸುಪಾಸಿನಲ್ಲಿ ಹೂತಿರಬೇಕು ಎಂಬುದು ಹೆಚ್ಚಿನವರ ಊಹೆ. ಅದು ಎಜೆನ್ ಖೊರೊದಿಂದ ಉತ್ತರಕ್ಕೆ, ಗೋಬಿ ಮರುಭೂಮಿಯನ್ನೂ ದಾಟಿ ಹೋಗಬೇಕಾದಷ್ಟು ದೂರ.

ಆ ಬೆಟ್ಟಕ್ಕೂ ಕಾವಲಿತ್ತು. ಪರ್ಷಿಯಾದ ಇತಿಹಾಸಕಾರ ರಶೀದುದ್ದೀನ್ ಅದನ್ನು ಬರೆದಿಟ್ಟಿದ್ದಾನೆ. ಉರಿಯಾಂಖಾಯ್ ಎಂಬ ಕಾಡು ಬುಡಕಟ್ಟಿನವರು, ಉದಾಚಿ ಎಂಬ ನಾಯಕನ ಕೈಕೆಳಗೆ, ಆ ಜಾಗವನ್ನು ಯಾರೂ ಹೊಗದಂತೆ ನೋಡಿಕೊಂಡರು. ಅವರನ್ನು ಯುದ್ಧಕ್ಕೆ ಕರೆಯುತ್ತಿರಲಿಲ್ಲ. ಕಾಯುವುದೊಂದೇ ಕೆಲಸ. ಆಮೇಲೆ ಕಾಡು ಎಷ್ಟು ದಟ್ಟವಾಗಿ ಬೆಳೆಯಿತೆಂದರೆ ಕಾವಲಿನವರಿಗೇ ಜಾಗದ ಗುರುತು ಸಿಗದಂತಾಯಿತು ಎಂದೂ ರಶೀದುದ್ದೀನ್ ಹೇಳುತ್ತಾನೆ.

ದೇಹ ಇದ್ದ ಕಡೆ ಕಾವಲು ಉಳಿಯಲಿಲ್ಲ, ಜಾಗವೂ ಮರೆತುಹೋಯಿತು. ದೇಹವೇ ಇಲ್ಲದ ಕಡೆ ಕಾವಲು ಇವತ್ತಿಗೂ ಇದೆ. ಇದು ಹೇಗಾಯಿತು?

ಎಂಟು ಬಿಳಿ ಡೇರೆ

ಮಂಗೋಲರು ದನ, ಕುರಿ, ಕುದುರೆ ಮೇಯಿಸಿಕೊಂಡು ಹುಲ್ಲು ಇದ್ದ ಕಡೆಗೆ ಹೋಗುವವರು. ಮನೆ ಎಂದರೆ ಗೆರ್. ಮರದ ಜಾಲರಿಯ ಮೇಲೆ ಉಣ್ಣೆಯ ದಪ್ಪ ಹೊದಿಕೆ ಹಾಕಿ ಕಟ್ಟುವ ದುಂಡನೆಯ ಡೇರೆ ಅದು. ಬಿಚ್ಚಿ ಗಾಡಿಗೆ ಹೇರಿದರೆ ಮನೆ ಹೊರಟಿತು. ಹೀಗೆ ಬದುಕುವ ಜನ ಹಿರಿಯನಿಗೆ ಕಟ್ಟುವ ಗುಡಿಯೂ ಹಾಗೇ ಇರುತ್ತದೆ. ಎಂಟು ಬಿಳಿ ಡೇರೆ, ಮಂಗೋಲ್ ಮಾತಿನಲ್ಲಿ ನೈಮನ್ ತ್ಸಗಾನ್ ಗೆರ್. ಈ ಪೂಜೆಗೆ ಕಟ್ಟುನಿಟ್ಟಿನ ಕ್ರಮ ಹಾಕಿಕೊಟ್ಟವನು ಚೆಂಗೀಸನ ಮೊಮ್ಮಗ ಕುಬ್ಲಾಯ್ ಖಾನ್ ಎಂದು ಪರಂಪರೆ ಹೇಳುತ್ತದೆ.

ಡೇರೆಗಳ ಒಳಗೆ ಏನಿತ್ತು? ಒಂದೊಂದು ಪಟ್ಟಿಯಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇದೆ. ಮುಖ್ಯ ಡೇರೆ ಚೆಂಗೀಸ್ ಮತ್ತು ಅವನ ಪಟ್ಟದ ಹೆಂಡತಿ ಬೋರ್ತೆಯದು. ಉಳಿದ ರಾಣಿಯರಿಗೆ ಬೇರೆ ಡೇರೆ. ಅವನ ಬಿಲ್ಲು ಬತ್ತಳಿಕೆಗೆ ಒಂದು. ಜೀನು ಕಡಿವಾಣಕ್ಕೆ ಒಂದು. ಕುದುರೆ ಹಾಲು ತುಂಬುವ ಮರದ ಪಾತ್ರೆಗೆ ಒಂದು. ಕಾಗದಪತ್ರ, ಬೆಲೆಬಾಳುವ ವಸ್ತು ಇಡಲು ಒಂದು. ಇನ್ನೊಂದು ಡೇರೆ ಬಿಳಿ ಕುದುರೆಯದು. ಇದು ಮಾತ್ರ ಜೀವಂತ ಕುದುರೆ. ಅದರ ಬೆನ್ನ ಮೇಲೆ ಯಾರೂ ಕೂರುವಂತಿಲ್ಲ. ಅದು ಸತ್ತರೆ ಲಕ್ಷಣ ನೋಡಿ ಇನ್ನೊಂದು ಬಿಳಿ ಮರಿಯನ್ನು ಆರಿಸುತ್ತಾರೆ. ಹಳೆಯದೇ ಮತ್ತೆ ಹುಟ್ಟಿ ಬಂದಿದೆ ಎಂಬ ನಂಬಿಕೆ.

ಡೇರೆಗಳ ಜೊತೆಗೆ ಸುಲ್ದೆ. ಸುಲ್ದೆ ಎಂದರೆ ಉದ್ದನೆಯ ಕೋಲಿನ ತುದಿಗೆ ಈಟಿಯಂಥ ಅಲಗು, ಅದರ ಕೆಳಗೆ ಸುತ್ತಲೂ ಕುದುರೆಯ ಜೂಲು ಕಟ್ಟಿದ ದಂಡಧ್ವಜ. ಸೈನ್ಯದ ಶಕ್ತಿ ಅದರಲ್ಲಿ ನೆಲೆಸಿರುತ್ತದೆ ಎಂದು ನಂಬುತ್ತಾರೆ. ಕಪ್ಪು ಜೂಲಿನದು ಯುದ್ಧಕ್ಕೆ, ಬಿಳಿಯದು ಶಾಂತಿಗೆ.

ಡೇರೆಗೆ ಮಂಗೋಲ್ ಭಾಷೆಯಲ್ಲಿ ಇನ್ನೊಂದು ಪದ ಇದೆ, ಓರ್ಡೊ. ಖಾನನ ಬಿಡಾರ, ಅರಮನೆ ಎಂದು ಅರ್ಥ. ಅದರ ಬಹುವಚನ ಓರ್ಡೋಸ್. ಈ ಡೇರೆಗಳ ಜೊತೆಗಿದ್ದ ಬುಡಕಟ್ಟಿಗೆ ಓರ್ಡೋಸ್ ಎಂದೇ ಹೆಸರಾಯಿತು. 15ನೇ ಶತಮಾನದಲ್ಲಿ ಅವರು ಡೇರೆಗಳ ಸಮೇತ ಹಳದಿ ನದಿಯ ಕೊಕ್ಕೆಯೊಳಗೆ ಬಂದು ನೆಲೆಸಿದರು. ಆಮೇಲೆ ಆ ನೆಲಕ್ಕೂ ಅದೇ ಹೆಸರು ಬಂತು. ಅಂದರೆ ಒಂದು ಇಡೀ ಸೀಮೆಯ ಹೆಸರು ಆ ಗುಡಿಯಿಂದ ಬಂದಿದೆ.

ಸ್ಥಳೀಯರು ಹೇಳುವ ಕಥೆ ಬೇರೆ. ಚೆಂಗೀಸ್ ಈ ದಾರಿಯಲ್ಲಿ ದಂಡು ನಡೆಸಿಕೊಂಡು ಹೋಗುವಾಗ ನೆಲದ ಚೆಲುವಿಗೆ ಮರುಳಾದ. ಕೈಯಿಂದ ಚಾವಟಿ ಜಾರಿ ಬಿತ್ತು. ಮುಪ್ಪಾದವನು ವಿಶ್ರಮಿಸಲು ತಕ್ಕ ಜಾಗ ಇದು ಎಂದ. ಅವನು ತೀರಿಕೊಂಡ ಮೇಲೆ ಹೆಣದ ಗಾಡಿ ಇಲ್ಲೇ ಕೆಸರಿನಲ್ಲಿ ಹೂತುಕೊಂಡಿತು. ಎಷ್ಟು ಎಳೆದರೂ ಕದಲಲಿಲ್ಲ. ಕೊನೆಗೆ ಅವನ ಬಟ್ಟೆಬರೆಯನ್ನು ಇಲ್ಲಿ ಬಿಟ್ಟು ದೇಹವನ್ನು ಮುಂದೆ ಒಯ್ದರು. ಇದು ಇತಿಹಾಸ ಎಂದು ಹೇಳಲು ಬರುವುದಿಲ್ಲ. ಆದರೆ ದೇಹ ಇಲ್ಲದ ಜಾಗ ಯಾಕೆ ಪವಿತ್ರ ಎಂಬ ಪ್ರಶ್ನೆಗೆ ಆ ಜನ ತಾವೇ ಕೊಟ್ಟುಕೊಂಡ ಉತ್ತರ ಇದು.

ದರ್ಖಾನ್: ಕಂದಾಯ ಮಾಫಿ ಆದವನು

ಈಗ ಮುಖ್ಯ ಪದಕ್ಕೆ ಬರೋಣ. ದರ್ಖಾದ್ ಎನ್ನುವುದು ಬಹುವಚನ. ಏಕವಚನ ದರ್ಖಾನ್. ಇವತ್ತಿನ ಮಂಗೋಲ್ ಭಾಷೆಯಲ್ಲಿ ದರ್ಖಾನ್ ಎಂದರೆ ಕಮ್ಮಾರ, ಕಸುಬುದಾರ. ಹಳೆಯ ಕಾಲದಲ್ಲಿ ಅದಕ್ಕೆ ಇನ್ನೊಂದು ಅರ್ಥವಿತ್ತು: ತೆರಿಗೆಯಿಂದ, ಬಿಟ್ಟಿ ಚಾಕರಿಯಿಂದ ಬಿಡುಗಡೆ ಪಡೆದವನು.

ಇದನ್ನು ಯಾರಿಗೆ ಕೊಡುತ್ತಿದ್ದರು ಎಂದು ತಿಳಿಯಲು ತೆಮೂಜಿನ್‌ನ ಹರೆಯದ ಒಂದು ಘಟನೆ ಸಾಕು. ಮಂಗೋಲರ ಹಳೆಯ ವೃತ್ತಾಂತದಲ್ಲಿ ಇದು ಬರುತ್ತದೆ. ಅವನನ್ನು ಶತ್ರುಗಳು ಹಿಡಿದು ಕೊರಳಿಗೆ ಮರದ ಹಲಗೆ ಬಿಗಿದಿದ್ದರು. ರಾತ್ರಿ ತಪ್ಪಿಸಿಕೊಂಡು ಸೊರ್ಖಾನ್ ಶಿರಾ ಎಂಬ ಬಡ ಸೇವಕನ ಮನೆ ಸೇರಿದ. ಆ ಮನೆಯವರು ಅವನ ಕೊರಳ ಹಲಗೆ ಬಿಚ್ಚಿ ಸುಟ್ಟು, ಹಿಂದೆ ನಿಂತಿದ್ದ ಗಾಡಿಯಲ್ಲಿ ಕುರಿ ಉಣ್ಣೆಯ ರಾಶಿಯೊಳಗೆ ಬಚ್ಚಿಟ್ಟರು. ಹುಡುಕುವವರು ಬಂದರು. ಮನೆಯೆಲ್ಲ ತಡಕಾಡಿ ಗಾಡಿಗೆ ಕೈ ಹಾಕಿದರು. ಉಣ್ಣೆ ಎಳೆಯುತ್ತ ಎಳೆಯುತ್ತ ಇನ್ನೇನು ಕಾಲು ಕಾಣಬೇಕು. ಆಗ ಸೊರ್ಖಾನ್ ಶಿರಾ ಹೇಳಿದ: ಇಂಥ ಸೆಕೆಯಲ್ಲಿ ಉಣ್ಣೆಯೊಳಗೆ ಯಾರಾದರೂ ಇರಲಿಕ್ಕಾಗುತ್ತದಾ? ಬಂದವರಿಗೂ ಹೌದೆನಿಸಿತು. ಹೊರಟುಹೋದರು.

ಮುಂದೆ ಖಾನ್ ಆದ ಮೇಲೆ ಚೆಂಗೀಸ್ ಈ ಸೊರ್ಖಾನ್ ಶಿರಾನನ್ನು ದರ್ಖಾನ್ ಮಾಡಿದ. ಶತ್ರು ಮುತ್ತಿಗೆ ಹಾಕಲಿದ್ದಾನೆ ಎಂದು ರಾತ್ರೋರಾತ್ರಿ ಓಡಿ ಬಂದು ಹೇಳಿದ ಬದಾಯ್ ಮತ್ತು ಕಿಶಿಲಿಖ್ ಎಂಬ ಇಬ್ಬರು ಕುದುರೆ ಕಾಯುವವರಿಗೂ ಅದೇ ಗೌರವ ಸಿಕ್ಕಿತು. ದರ್ಖಾನ್ ಆದವನು ಬೇಟೆಯಲ್ಲಿ, ಲೂಟಿಯಲ್ಲಿ ಸಿಕ್ಕಿದ್ದನ್ನು ತಾನೇ ಇಟ್ಟುಕೊಳ್ಳಬಹುದು. ಒಂಬತ್ತು ತಪ್ಪಿನವರೆಗೆ ಶಿಕ್ಷೆ ಇಲ್ಲ. ಮಕ್ಕಳಿಗೆ ಮೊಮ್ಮಕ್ಕಳಿಗೂ ಇದು ಸಲ್ಲುತ್ತದೆ.

ನಮ್ಮ ಹಳ್ಳಿಗಳಲ್ಲಿ ದೇವಸ್ಥಾನದ ಕೆಲಸಕ್ಕೆ ಇನಾಮು ಜಮೀನು, ಉಂಬಳಿ ಬಿಡುತ್ತಿದ್ದುದನ್ನು ಹಿರಿಯರಿಂದ ಕೇಳಿರುತ್ತೀರಿ. ದೀಪ ಹಚ್ಚುವವರು, ಓಲಗ ಊದುವವರು, ಪಲ್ಲಕ್ಕಿ ಹೊರುವವರು ಎಲ್ಲರಿಗೂ ಒಂದೊಂದು ಬಾಬು. ಕೆಲಸ ವಂಶದಲ್ಲಿ ಬರುತ್ತದೆ, ಜಮೀನೂ ವಂಶದಲ್ಲಿ ಬರುತ್ತದೆ. ದರ್ಖಾದರ ಲೆಕ್ಕವೂ ಹೆಚ್ಚುಕಡಿಮೆ ಇದೇ. ಜಮೀನಿನ ಬದಲು ಇಲ್ಲಿ ಸಿಕ್ಕಿದ್ದು ತೆರಿಗೆ ಮತ್ತು ಸೈನ್ಯದ ಚಾಕರಿಯಿಂದ ಬಿಡುಗಡೆ.

ಇಲ್ಲೊಂದು ಎಚ್ಚರಿಕೆ. ಮಂಗೋಲಿಯಾದ ಉತ್ತರ ತುದಿಯ ಖೊವ್ಸ್‌ಗೊಲ್ ಸೀಮೆಯಲ್ಲೂ ದರ್ಖಾದ್ ಎಂಬ ಜನ ಇದ್ದಾರೆ. ಅವರಿಗೂ ಈ ಗದ್ದುಗೆಗೂ ಸಂಬಂಧ ಇಲ್ಲ. ಅವರು ಮಂಗೋಲಿಯಾದ ಅತಿ ದೊಡ್ಡ ಬೌದ್ಧ ಗುರುವಿನ ಮಠಕ್ಕೆ ಸೇರಿದ ಒಕ್ಕಲು. ಮಠದ ಒಕ್ಕಲಾದ್ದರಿಂದ ಸರಕಾರದ ಚಾಕರಿ ಇರಲಿಲ್ಲ, ಹಾಗಾಗಿ ಅದೇ ಹೆಸರು. ಇಂಟರ್‌ನೆಟ್‌ನಲ್ಲಿ ಎರಡನ್ನೂ ಕಲಸಿ ಬರೆದಿರುವುದು ಬೇಕಾದಷ್ಟಿದೆ.

500 ಮನೆ, ಎರಡು ಕವಲು

ಓರ್ಡೋಸಿನ ದರ್ಖಾದರು ತಮ್ಮ ಮೂಲವನ್ನು ಚೆಂಗೀಸನ ಇಬ್ಬರು ಆಪ್ತರಲ್ಲಿ ಕಾಣುತ್ತಾರೆ. ಒಬ್ಬ ಬೊಓರ್ಚು, ಇನ್ನೊಬ್ಬ ಮುಖಲಿ.

ಬೊಓರ್ಚು ಸಿಕ್ಕ ಬಗೆ ಹೀಗೆ. ಹುಡುಗ ತೆಮೂಜಿನ್‌ನ ಮನೆಯಲ್ಲಿದ್ದದ್ದು ಬೆರಳೆಣಿಕೆಯ ಕುದುರೆ. ಅದರಲ್ಲಿ ಎಂಟನ್ನು ಕಳ್ಳರು ಹೊಡೆದುಕೊಂಡು ಹೋದರು. ಜಾಡು ಹಿಡಿದು ಹೋಗುವಾಗ ದಾರಿಯಲ್ಲಿ ಒಬ್ಬ ಹುಡುಗ ಕುದುರೆ ಹಾಲು ಕರೆಯುತ್ತಿದ್ದ. ಕುದುರೆ ಕಂಡೆಯಾ ಎಂದು ಕೇಳಿದ. ಆ ಹುಡುಗ ಹಾಲಿನ ತೊಗಲು ಪಾತ್ರೆಗಳನ್ನು ಅಲ್ಲೇ ಹುಲ್ಲಿನಲ್ಲಿ ಬಚ್ಚಿಟ್ಟು, ಅಪ್ಪನಿಗೂ ಹೇಳದೆ, ಗುರುತು ಪರಿಚಯ ಇಲ್ಲದವನ ಜೊತೆ ಹೊರಟ. ಅವನೇ ಬೊಓರ್ಚು. ಆಮೇಲೆ ಅವನು ಚೆಂಗೀಸನ ಸೈನ್ಯದ ಬಲಭಾಗದ ದಳಪತಿ. ಮುಖಲಿ ಎಡಭಾಗದ ದಳಪತಿ.

ಕಾವಲಿನ ಕೆಲಸವೂ ಅದೇ ರೀತಿ ಎರಡಾಗಿ ಹಂಚಿಕೆಯಾಗಿದೆ. ಬೊಓರ್ಚುವಿನ ಕವಲಿನವರು ಡೇರೆಗಳ ಪೂಜೆ ನೋಡಿಕೊಳ್ಳುತ್ತಾರೆ. ಮುಖಲಿಯ ಕವಲಿನವರದು ಸುಲ್ದೆಯ ಪೂಜೆ. ಒಳಗೆ ಮತ್ತೆ ಒಬ್ಬೊಬ್ಬರಿಗೆ ಒಂದೊಂದು ಹೊಣೆ. ಮಂತ್ರದಂಥ ಸ್ತುತಿಗಳನ್ನು ಹೇಳುವವನು ಬೇರೆ, ಎಡೆ ಇಡುವವನು ಬೇರೆ, ಮದ್ಯ ಎತ್ತಿಕೊಡುವವನು ಬೇರೆ. ಒಬ್ಬನ ಕೆಲಸಕ್ಕೆ ಇನ್ನೊಬ್ಬ ಕೈ ಹಾಕುವುದಿಲ್ಲ. ಎಲ್ಲವನ್ನೂ ಅಪ್ಪನಿಂದ ಮಗ ಕಲಿಯಬೇಕು.

ಇವರು ಲಾಮಾಗಳಲ್ಲ ಎಂಬುದನ್ನು ಗಮನಿಸಬೇಕು. 16ನೇ ಶತಮಾನದಿಂದ ಮಂಗೋಲರಲ್ಲಿ ಟಿಬೆಟಿನ ಬೌದ್ಧ ಧರ್ಮ ಗಟ್ಟಿಯಾಗಿ ಬೇರೂರಿತು. ಊರೂರಲ್ಲಿ ಮಠ ಬಂತು. ಆದರೂ ಈ ಗದ್ದುಗೆಯ ಪೂಜೆ ದರ್ಖಾದರ ಕೈ ತಪ್ಪಲಿಲ್ಲ. ಇವರು ಹೆಂಡತಿ ಮಕ್ಕಳು ಇರುವ, ಕುರಿ ಕುದುರೆ ಮೇಯಿಸುವ ಸಂಸಾರಸ್ಥರು.

ಚೀನಾವನ್ನು ಮಂಚು ವಂಶದ ಚಿಂಗ್ ದೊರೆಗಳು ಆಳುತ್ತಿದ್ದಾಗ, 1696ರಲ್ಲಿ, ದರ್ಖಾದರ ಸಂಖ್ಯೆಯನ್ನು 500 ಮನೆ ಎಂದು ಗೊತ್ತುಮಾಡಲಾಯಿತು. ಆ 500 ಮನೆಗೆ ತೆರಿಗೆ ಇಲ್ಲ, ಸೈನ್ಯಕ್ಕೆ ಆಳು ಕೊಡಬೇಕಿಲ್ಲ. ಪೂಜೆಯ ಖರ್ಚಿಗಾಗಿ ಅವರು ಮಂಗೋಲ್ ಸೀಮೆಗಳಲ್ಲೆಲ್ಲ ತಿರುಗಿ ಕಾಣಿಕೆ ಎತ್ತಬಹುದಿತ್ತು. ಎಲ್ಲೇ ಹೋದರೂ ಒಡೆಯನ ಕಡೆಯವರು ಬಂದರು ಎಂಬ ಗೌರವ. ಇವರ ಮೇಲೆ ಜಿನೊಂಗ್ ಎಂಬ ಬಿರುದಿನ ಮುಖ್ಯಸ್ಥ. ಅವನು ಚೆಂಗೀಸನ ಸ್ವಂತ ವಂಶದವನೇ ಆಗಿರಬೇಕು.

ಚಿಂಗ್ ದೊರೆಗಳಿಗೆ ಇದರಲ್ಲಿ ಏನು ಲಾಭ? ಮಂಗೋಲರು ಸೈನ್ಯಕ್ಕೆ ಬೇಕಾದ ಜನ. ಅವರ ಹಿರಿಯನ ಗದ್ದುಗೆಗೆ ಮರ್ಯಾದೆ ಕೊಟ್ಟರೆ ಅವರು ಒಲಿಯುತ್ತಾರೆ. ಹಾಗೆಯೇ ಕಾಯುವವರ ಸಂಖ್ಯೆಗೆ ಮಿತಿ ಹಾಕಿದರೆ ಆ ಹೆಸರಿನಲ್ಲಿ ತೆರಿಗೆ ತಪ್ಪಿಸಿಕೊಳ್ಳುವವರೂ ಹೆಚ್ಚುವುದಿಲ್ಲ.

ಮೂರನೇ ತಿಂಗಳ 21ನೇ ದಿನ

ವರ್ಷದಲ್ಲಿ ನಾಲ್ಕು ದೊಡ್ಡ ಪೂಜೆ, ಒಂದೊಂದು ಋತುವಿಗೆ ಒಂದು. ಬೇಸಿಗೆಯಲ್ಲಿ ಹಾಲು ಸಮೃದ್ಧವಾದಾಗ ಒಂದು, ಶರತ್ಕಾಲದಲ್ಲಿ ಒಂದು, ಚಳಿಗಾಲದಲ್ಲಿ ಒಂದು. ಚಳಿಗಾಲದ್ದು ಹತ್ತನೇ ತಿಂಗಳ 3ರಂದು. ಚೆಂಗೀಸ್ ಕೂಸಾಗಿದ್ದಾಗ ಸುತ್ತಿದ್ದ ತೊಗಲಿನ ಪಟ್ಟಿಯ ನೆನಪಿಗೆ ಅದು. ಎಲ್ಲಕ್ಕಿಂತ ದೊಡ್ಡದು ವಸಂತದ ಪೂಜೆ. ಚಾಂದ್ರಮಾನದ ಮೂರನೇ ತಿಂಗಳ 21ನೇ ದಿನ.

ಚಿಂಗ್ ಕಾಲದಲ್ಲಿ ಎಂಟು ಡೇರೆಗಳೂ ಒಂದೇ ಕಡೆ ಇರಲಿಲ್ಲ. ಓರ್ಡೋಸಿನ ಬೇರೆ ಬೇರೆ ಸೀಮೆಗಳಲ್ಲಿ ಹಂಚಿಹೋಗಿದ್ದವು. ವಸಂತ ಬಂತೆಂದರೆ ಒಂದೊಂದು ಡೇರೆಯೂ ಗಾಡಿ ಏರಿ ಎಜೆನ್ ಖೊರೊಗೆ ಹೊರಡುತ್ತಿತ್ತು. ಊರೂರಿನ ದೇವರು ಪಲ್ಲಕ್ಕಿಯಲ್ಲಿ ಹೊರಟು ಒಂದೇ ಜಾತ್ರೆಗೆ ಬಂದು ಸೇರುವ ಹಾಗೆ.

ಆ ದಿನದ ಮುಖ್ಯ ಕೆಲಸ ಹಾಲು ಚಿಮುಕಿಸುವುದು. 99 ಬಿಳಿ ಹೆಣ್ಣು ಕುದುರೆಗಳ ಹಾಲು ಎಂಬುದು ಲೆಕ್ಕ. ಒಂಬತ್ತು ಮಂಗೋಲರಿಗೆ ಶುಭ ಸಂಖ್ಯೆ. ಹಾಲು ಎತ್ತುವ ಮರದ ಸೌಟಿಗೂ ಒಂಬತ್ತು ಸಣ್ಣ ಕುಳಿಗಳಿವೆ. ಸೌಟು ಅದ್ದಿ ಎತ್ತಿ ಆಕಾಶದ ಕಡೆ ಬೀಸಿದರೆ ಒಂಬತ್ತು ಹನಿಸಾಲು ಚಿಮ್ಮುತ್ತದೆ. ಪಕ್ಕದಲ್ಲಿ ಆ ಬಿಳಿ ಕುದುರೆ ನಿಂತಿರುತ್ತದೆ.

ಇದೇ ಹಬ್ಬದ ಇನ್ನೊಂದು ನೋಟ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಒಬ್ಬ ಮನುಷ್ಯ ಕಂಬದ ಹಾಗೆ ನಿಲ್ಲುತ್ತಾನೆ. ಅವನಿಗೆ ಆಲ್ತನ್ ಗದಸ್, ಚಿನ್ನದ ಗೂಟ, ಎಂದೇ ಹೆಸರು. ಹಿಂದೆ ಯಾರೋ ಚೆಂಗೀಸನ ಕುದುರೆ ಕಟ್ಟುವ ಚಿನ್ನದ ಗೂಟ ಕದ್ದನಂತೆ. ಸಿಕ್ಕಿಬಿದ್ದ. ಗೂಟದ ಜಾಗದಲ್ಲಿ ನೀನೇ ಕುದುರೆ ಹಿಡಿದು ನಿಲ್ಲು ಎಂದು ಶಿಕ್ಷೆ ಆಯಿತು. ಅಂದಿನಿಂದ ಪ್ರತಿ ವರ್ಷ ಅವನ ವಂಶದವನೊಬ್ಬ ಬಂದು ನಿಲ್ಲಬೇಕು. ಕಥೆಯ ನಿಜ ಸುಳ್ಳು ಏನೇ ಇರಲಿ, ಕಾಯುವವರ ಕೆಲಸದ ಹಾಗೆ ಕದ್ದವನ ಶಿಕ್ಷೆಯೂ ಇಲ್ಲಿ ವಂಶಕ್ಕೆ ಬಂದಿದೆ.

ಎಡೆಗೆ ಇಡಿಯಾಗಿ ಬೇಯಿಸಿದ ಕುರಿ, ರೇಷ್ಮೆಯ ಶಲ್ಯ, ಮದ್ಯ, ಬೆಣ್ಣೆ ದೀಪ. ಪೂಜೆ ಮುಗಿದ ಮೇಲೆ ಎಡೆಯ ಮಾಂಸವನ್ನು ಬಂದವರಿಗೆ ಹಂಚುತ್ತಾರೆ. ಅದಕ್ಕೆ ಕೆಶಿಗ್ ಎನ್ನುತ್ತಾರೆ. ಪ್ರಸಾದ, ಅನುಗ್ರಹ ಎರಡೂ ಅರ್ಥ ಬರುತ್ತದೆ. ಚೆಂಗೀಸ್ ಬದುಕಿದ್ದಾಗ ಅವನ ಡೇರೆಯನ್ನು ಹಗಲು ರಾತ್ರಿ ಪಾಳಿಯಲ್ಲಿ ಕಾಯುತ್ತಿದ್ದ 10,000 ಜನರ ಪಡೆಗೂ ಕೆಶಿಗ್ ಎಂದೇ ಹೆಸರಿತ್ತು.

ಬೆಣ್ಣೆ ದೀಪ ನಂದಾದೀಪ. ಆರಬಾರದು. ದರ್ಖಾದರ ದಿನನಿತ್ಯದ ಕೆಲಸದಲ್ಲಿ ಇದೇ ಮೊದಲನೆಯದು.

1939: ಗದ್ದುಗೆ ಊರು ಬಿಟ್ಟಿತು

1930ರ ದಶಕದಲ್ಲಿ ಜಪಾನ್ ಸೈನ್ಯ ಒಳ ಮಂಗೋಲಿಯಾದ ದೊಡ್ಡ ಭಾಗವನ್ನು ಹಿಡಿಯಿತು. 1937ರ ಕೊನೆಗೆ ಅದು ಹಳದಿ ನದಿಯ ಉತ್ತರ ದಂಡೆಯವರೆಗೆ ಬಂದಿತ್ತು. ನದಿ ದಾಟಿದರೆ ಓರ್ಡೋಸ್. ಚೆಂಗೀಸನ ಗದ್ದುಗೆ ಕೈಗೆ ಬಂದರೆ ಮಂಗೋಲರು ತಮ್ಮ ಕಡೆ ಬರುತ್ತಾರೆ ಎಂದು ಜಪಾನಿನವರಿಗೆ ಆಸೆ. ಚೀನಾ ಸರಕಾರಕ್ಕೆ ಅದೇ ಭಯ. ಆಗಿನ ಜಿನೊಂಗ್ ಶಗ್ದುರ್‌ಜಬ್. ಗದ್ದುಗೆಯನ್ನು ಸುರಕ್ಷಿತ ಜಾಗಕ್ಕೆ ಒಯ್ಯಬೇಕು ಎಂದು ಅವರು ಸರಕಾರಕ್ಕೆ ಕೇಳಿಕೊಂಡರು.

1939ರ ಜೂನ್‌ನಲ್ಲಿ ಮುಖ್ಯ ಪೆಟ್ಟಿಗೆಗಳು ಮತ್ತು ಕಪ್ಪು ಸುಲ್ದೆ ಎಜೆನ್ ಖೊರೊದಿಂದ ಹೊರಟವು. ಜೊತೆಗೆ ಕೆಲವರು ದರ್ಖಾದರೂ ಹೊರಟರು. ದಾರಿಯಲ್ಲಿ ಯಾನಾನ್ ಸಿಕ್ಕಿತು. ಅದು ಕಮ್ಯುನಿಸ್ಟರ ಕೇಂದ್ರ. ಅವರು ಸಭೆ ಕಟ್ಟಿ ಗೌರವ ಸಲ್ಲಿಸಿದರು, ಮಾವೊ ಹೂಮಾಲೆ ಕಳಿಸಿದರು. ಮುಂದೆ ಶಿಯಾನ್ ನಗರದಲ್ಲಿ ಅವರ ಎದುರಾಳಿಗಳಾದ ನ್ಯಾಷನಲಿಸ್ಟರು ಅದಕ್ಕಿಂತ ದೊಡ್ಡ ಸ್ವಾಗತ ಕೊಟ್ಟರು. ಮಂಗೋಲರು ಯಾರ ಕಡೆ ಎಂಬ ಪ್ರಶ್ನೆ ಎಲ್ಲರಿಗೂ ಮುಖ್ಯವಾಗಿತ್ತು. ಕೊನೆಗೆ ಗದ್ದುಗೆ ಗಾನ್ಸು ಪ್ರಾಂತ್ಯದ ಶಿಂಗ್‌ಲೋಂಗ್ ಬೆಟ್ಟದ ಒಂದು ಗುಡಿಯಲ್ಲಿ ನೆಲೆ ಕಂಡಿತು.

ಗದ್ದುಗೆ ಸಿಗದ ಜಪಾನಿನವರು ಏನು ಮಾಡಿದರು ಗೊತ್ತಾ? 1940ರಲ್ಲಿ ತಮ್ಮ ಹಿಡಿತದಲ್ಲಿದ್ದ ವಾಂಗ್ಯೆಮ್ಯಾವೊ ಊರಿನಲ್ಲಿ, ಇವತ್ತಿನ ಉಲಾನ್‌ಹೋತ್‌ನಲ್ಲಿ, ಚೆಂಗೀಸನಿಗೆ ಹೊಸ ಗುಡಿಯ ಕೆಲಸಕ್ಕೆ ಬೆಂಬಲ ಕೊಟ್ಟರು. 1944ಕ್ಕೆ ಅದು ಮುಗಿಯಿತು. ಆ ಗುಡಿ ಈಗಲೂ ಇದೆ. ಅದಕ್ಕೆ ದರ್ಖಾದರು ಇಲ್ಲ.

ಅತ್ತ ಬೆಟ್ಟದ ಗುಡಿಯಲ್ಲಿ ದರ್ಖಾದರು ಹತ್ತು ವರ್ಷ ದೀಪ ನೋಡಿಕೊಂಡರು. ಮನೆ, ಮಂದಿ, ಕುರಿ ಕುದುರೆ ಎಲ್ಲ ಓರ್ಡೋಸಿನಲ್ಲಿ. 1949ರಲ್ಲಿ ಕಮ್ಯುನಿಸ್ಟ್ ಸೈನ್ಯ ಗಾನ್ಸು ಕಡೆ ಬಂದಾಗ ಗದ್ದುಗೆಯನ್ನು ಮತ್ತೆ ಎತ್ತಿ ಚಿಂಗ್‌ಹಾಯ್ ಪ್ರಾಂತ್ಯದ ಕುಂಬುಂ ಎಂಬ ಬೌದ್ಧ ಮಠಕ್ಕೆ ಒಯ್ದರು. ಅದು ಓರ್ಡೋಸಿಗೆ ವಾಪಸಾಗಿದ್ದು 1954ರಲ್ಲಿ. ಲೆಕ್ಕ ಹಾಕಿದರೆ ಹದಿನೈದು ವರ್ಷ.

ಡೇರೆಯಿಂದ ಕಟ್ಟಡಕ್ಕೆ, ಆಮೇಲೆ ಉಪ್ಪಿನ ಗೋದಾಮಿಗೆ

ವಾಪಸ್ ಬಂದ ಮೇಲೆ ಹೊಸ ಸರಕಾರ ಪಕ್ಕಾ ಕಟ್ಟಡ ಕಟ್ಟಿಸಿತು. 1956ಕ್ಕೆ ಅದು ಮುಗಿಯಿತು. ಫೋಟೊದಲ್ಲಿ ನಾವು ನೋಡುವ ಮೂರು ಗುಮ್ಮಟ ಇದೇ. ಗುಮ್ಮಟಗಳ ಆಕಾರ ಗೆರ್‌ನದು. ಇಡೀ ಸೀಮೆಯಲ್ಲಿ ಚದುರಿದ್ದ ಡೇರೆಗಳನ್ನು ಒಂದೇ ಸೂರಿನ ಕೆಳಗೆ ತಂದಿಟ್ಟರು. ಗಾಡಿ ಏರಿ ಬರುವ ಪದ್ಧತಿ ಅಲ್ಲಿಗೆ ನಿಂತಿತು. 500 ಮನೆಗಳ ತೆರಿಗೆ ವಿನಾಯಿತಿಯೂ ಹಳೆಯ ವ್ಯವಸ್ಥೆಯ ಜೊತೆಗೇ ಹೋಯಿತು.

ಇದಾದ ಹತ್ತೇ ವರ್ಷಕ್ಕೆ, 1966ರಲ್ಲಿ, ಸಾಂಸ್ಕೃತಿಕ ಕ್ರಾಂತಿ ಶುರುವಾಯಿತು. ಹಳೆಯದೆಲ್ಲ ಕೆಟ್ಟದ್ದು ಎಂದು ಒಡೆದು ಹಾಕಿದ ಕಾಲ ಅದು. ಗದ್ದುಗೆಯ ವಸ್ತುಗಳು ನಾಶವಾದವು. ಪೂಜೆ ನಿಂತಿತು. ಆ ಕಟ್ಟಡವನ್ನು ಒಂದಷ್ಟು ಕಾಲ ಉಪ್ಪು ತುಂಬಿಡುವ ಗೋದಾಮಾಗಿ ಬಳಸಿದರು.

ಜಪಾನ್ ಸೈನ್ಯದಿಂದ ತಪ್ಪಿಸಿ, ಸಾವಿರಾರು ಕಿಲೋಮೀಟರ್ ಸುತ್ತಿಸಿ, ಜೋಪಾನವಾಗಿ ಮನೆಗೆ ತಂದ ವಸ್ತುಗಳು ಮನೆಯಲ್ಲೇ ಹೋದವು. ಇದನ್ನು ಬರೆಯುವಾಗ ನನಗೆ ತುಂಬಾ ಸಂಕಟ ಆಗುತ್ತದೆ.

1970ರ ದಶಕದ ಕೊನೆಯಿಂದ ದುರಸ್ತಿ ನಡೆಯಿತು. ಹೋದ ವಸ್ತುಗಳ ಜಾಗಕ್ಕೆ ಹೊಸದಾಗಿ ಮಾಡಿಸಿ ಇಟ್ಟರು. ಹಾಗಾಗಿ ಇವತ್ತು ಅಲ್ಲಿ ನೋಡುವ ಜೀನು, ಬಿಲ್ಲು, ಪಾತ್ರೆಗಳಲ್ಲಿ ಹೆಚ್ಚಿನವು ಹಳೆಯದರ ನಕಲು. ಹೊಸದಾಗಿ ಮಾಡಲಾಗದ್ದು ಪೂಜೆಯ ಕ್ರಮ. ಯಾವ ಮಾತು ಮೊದಲು, ಯಾರು ಎಲ್ಲಿ ನಿಲ್ಲಬೇಕು, ಸೌಟು ಹೇಗೆ ಹಿಡಿಯಬೇಕು, ಇದೆಲ್ಲ ಇದ್ದದ್ದು ಹಳೆಯ ದರ್ಖಾದರ ನೆನಪಿನಲ್ಲಿ. ಅದು ಅಲ್ಲಿಂದಲೇ ಬಂತು.

ಇವತ್ತು ಹೇಗಿದೆ?

ಓರ್ಡೋಸ್ ಈಗ ಕಲ್ಲಿದ್ದಲಿನಿಂದ ಶ್ರೀಮಂತವಾದ ನಗರ. 2001ರಲ್ಲಿ ಆಡಳಿತದ ಲೆಕ್ಕದಲ್ಲೂ ಅದು ನಗರವಾಯಿತು. ಎಜೆನ್ ಖೊರೊ ದೊಡ್ಡ ಪ್ರವಾಸಿ ತಾಣ, ಟಿಕೆಟ್ ತೆಗೆದುಕೊಂಡು ಒಳಗೆ ಹೋಗಬೇಕು. ಚೆಂಗೀಸ್ ಪೂಜೆಯ ವಿಧಿಗಳನ್ನು 2006ರಲ್ಲಿ ಚೀನಾ ತನ್ನ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಆಯ್ದ ಕೆಲವು ದರ್ಖಾದರಿಗೆ ಸರಕಾರದಿಂದ ಸಂಬಳ ಬರುತ್ತದೆ. ಉಳಿದವರು ಬೇರೆ ಬೇರೆ ಕೆಲಸಗಳಲ್ಲಿದ್ದಾರೆ.

ಚೆಂಗೀಸ್ ಯಾರಿಗೆ ಸೇರಿದವನು ಎಂಬ ವಾದ ನಿಂತಿಲ್ಲ. ಅವನ ಮೊಮ್ಮಗ ಚೀನಾದಲ್ಲಿ ಯುವಾನ್ ಎಂಬ ರಾಜವಂಶ ಸ್ಥಾಪಿಸಿದ, ಆದ್ದರಿಂದ ಅವನು ಚೀನಾದ ಇತಿಹಾಸದ ಭಾಗ ಎಂದು ಚೀನಾ ಹೇಳುತ್ತದೆ. ಮಂಗೋಲಿಯಾಕ್ಕೆ ಅವನು ದೇಶ ಕಟ್ಟಿದವನು. ಗದ್ದುಗೆ ಒಂದು ದೇಶದಲ್ಲಿ, ಹೂತಿರಬಹುದಾದ ಬೆಟ್ಟ ಇನ್ನೊಂದು ದೇಶದಲ್ಲಿ. ಆ ಬುರ್ಖಾನ್ ಖಲ್ದೂನ್ ಬೆಟ್ಟವನ್ನು ಯುನೆಸ್ಕೊ 2015ರಲ್ಲಿ ವಿಶ್ವ ಪರಂಪರೆಯ ತಾಣ ಎಂದು ಗುರುತಿಸಿದೆ.

ಪೂಜೆಯ ದಿನ ಹೋದವರಿಗೆ ಒಂದು ಹಾಡು ಕೇಳಿಸಬಹುದು. ದರ್ಖಾದರು ಮರದ ತಾಳ ಹಿಡಿದು ಹಾಡುವ ಹಾಡುಗಳಿವು, ಒಟ್ಟು ಹನ್ನೆರಡು. ಅದರ ಪದಗಳು ಇವತ್ತಿನ ಮಂಗೋಲ್ ಭಾಷೆಯವಲ್ಲ. ಕೇಳಿದ ಮಂಗೋಲರಿಗೂ ಅರ್ಥ ಆಗುವುದಿಲ್ಲ, ಹಾಡುವವರಿಗೂ ಆಗುವುದಿಲ್ಲ. ಅದು ಆಕಾಶದ ಭಾಷೆ ಎನ್ನುತ್ತಾರೆ. ಅಪ್ಪ ಹೇಗೆ ಹೇಳಿಕೊಟ್ಟನೋ ಹಾಗೆಯೇ ಮಗ ಹಾಡುತ್ತಾನೆ.